ಅಜ್ಜನ ಯೆಜ್ಡಿಗೆ ಎಷ್ಟನೇ ನಂಬರ್ ಜೆಟ್?

ಡಿಸೆಂಬರ್ ತಿಂಗಳ ಬೆಳಗಿನ ಆರು ಗಂಟೆ. ಗಂಗಾವತಿ ಸುತ್ತ ಭತ್ತದ ಕೊಯ್ಲು ಮುಗಿಯುತ್ತ ಬಂದಿದೆ, ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ತೆಳ್ಳನೆ ಮಂಜು ಕೂತಿದೆ. ಹೊಸದಾಗಿ ಇಂಜಿನ್ ಕಟ್ಟಿಸಿಕೊಂಡ ಹಳೇ ಯೆಜ್ಡಿಯೊಂದು ಮನೆಯ ಅಂಗಳದಿಂದ ಹೊರಡುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಆಕ್ಸಲರೇಟರ್ ತಿರುವಿದರೆ ಒಂದು ಕ್ಷಣ ಉಸಿರುಗಟ್ಟಿದಂತೆ ಮುಗ್ಗರಿಸಿ, ಆಮೇಲೆ ಎಳೆಯುತ್ತದೆ. ಅದೇ ಗಾಡಿ ಹಿಂದಿನ ಮೇ ತಿಂಗಳ ಉರಿಬಿಸಿಲಿನಲ್ಲಿ ಒಂದು ಸಲವೂ ತಕರಾರು ಮಾಡಿರಲಿಲ್ಲ. ನಡುವೆ ಯಾರೂ ಸ್ಪ್ಯಾನರ್ ಮುಟ್ಟಿಲ್ಲ. ಬದಲಾಗಿರುವುದು ಗಾಳಿ ಮಾತ್ರ.

ಹಳೇ ಬೈಕು ಕಟ್ಟುವವರು ಕೊನೆಗೆ ಬಂದು ನಿಲ್ಲುವುದು ಇಂಥ ಬೆಳಗಿನ ಮುಂದೆಯೇ. ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ಕ್ರ್ಯಾಂಕ್ ಸರಿಪಡಿಸಿ, ಟ್ಯಾಂಕಿಗೆ ಬಣ್ಣ ಹೊಡೆಸಿ, ಸೈಲೆನ್ಸರ್‌ಗೆ ಕ್ರೋಮ್ ಮಾಡಿಸಿ ಸಾವಿರಾರು ರೂಪಾಯಿ ಸುರಿದ ಮೇಲೂ ಗಾಡಿ ಸರಿಯಾಗಿ ಓಡುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಕಾರ್ಬೊರೇಟರಿನ ಹೊಟ್ಟೆಯೊಳಗೆ ಕೂತ ಒಂದು ಹಿತ್ತಾಳೆ ತುಂಡು. ಕಡಲೆಕಾಳಿನಷ್ಟು ಗಾತ್ರ, ನಡುವೆ ಒಂದು ತೂತು. ಅದೇ ಜೆಟ್. ತೂತಿನ ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ ಇರುವುದೇ ಹೆಚ್ಚು. ಒಂದು ಜೆಟ್‌ಗೂ ಮುಂದಿನ ನಂಬರಿನದಕ್ಕೂ ಇರುವ ವ್ಯತ್ಯಾಸ ತಲೆಕೂದಲಿಗಿಂತ ತೆಳು.

ಈ ಮಾತಿಗೆ ಕರ್ನಾಟಕದಲ್ಲಿ ವಿಶೇಷ ತೂಕವಿದೆ. ಚೆಕ್ ದೇಶದ ಜಾವಾ ಬೈಕುಗಳು ಭಾರತದಲ್ಲಿ ತಯಾರಾದದ್ದು ಮೈಸೂರಿನಲ್ಲಿ. 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿ 1961ರಿಂದ ಗಾಡಿಗಳನ್ನು ಹೊರತರತೊಡಗಿತು. 1973ರಿಂದ ಅವುಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಸಂಸ್ಥಾಪಕ ಇರಾನಿ ಕುಟುಂಬದ ಮೂಲ ಸೀಮೆಯಾದ ಇರಾನಿನ ಯಜ್ದ್ ಪಟ್ಟಣದ ನೆನಪು ಅದು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೂವತ್ತೈದು ವರ್ಷ ಮೈಸೂರಿನಿಂದ ಹೊರಟ ಗಾಡಿಗಳು ಕೊಪ್ಪಳ, ಕುಷ್ಟಗಿ, ಯಲಬುರ್ಗಾದಂಥ ಕಡೆಯ ಎರೆ, ಮಸಾರಿ ಹೊಲಗಳ ದಾರಿಯಲ್ಲೂ ಓಡಿದವು. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಕೋಲಾಗುವ ಆ ಗಾಡಿಯನ್ನು ಒಮ್ಮೆ ಓಡಿಸಿದವರು ಮರೆಯುವುದಿಲ್ಲ. ಈಗ ಮೊಮ್ಮಕ್ಕಳು ಅವನ್ನು ದನದ ಕೊಟ್ಟಿಗೆಯಿಂದ ಹೊರಗೆಳೆಯುತ್ತಿದ್ದಾರೆ.

ಹಾಗೆ ಎಳೆದ ಗಾಡಿ ಗ್ಯಾರೇಜಿಗೆ ಬಂದಾಗ ನಡೆಯುವ ಮಾತು ಬಹುತೇಕ ಒಂದೇ. ‘ಉಸ್ತಾದ್ರ, ಗಾಡಿ ಎಳೀವಲ್ದು. ಜೆಟ್ ಒಂದ್ ನಂಬರ್ ಏರಿಸಿಬಿಡ್ರಿ.’ ಕೇಳುವವರಿಗೆ ಅದು ಸಣ್ಣ ಕೆಲಸ, ಹತ್ತು ನಿಮಿಷದ್ದು. ಆದರೆ ಆ ನಂಬರು ಏನನ್ನು ಅಳೆಯುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಏರಿಸಿದ್ದೂ ವ್ಯರ್ಥ, ಇಳಿಸಿದ್ದೂ ವ್ಯರ್ಥ.

ಮೊದಲು ಕಾರ್ಬೊರೇಟರ್ ಮಾಡುವ ಕೆಲಸ ನೋಡಬೇಕು. ಕಾಲುವೆ ಕಿರಿದಾದ ಕಡೆ ನೀರಿನ ಓಟ ಜೋರಾಗುವುದನ್ನು ಗಂಗಾವತಿಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಳಿಯೂ ಹಾಗೆಯೇ. ಇಂಜಿನ್ ಎಳೆದುಕೊಳ್ಳುವ ಗಾಳಿ ಕಾರ್ಬೊರೇಟರಿನ ಕಿರಿದಾದ ಕೊರಳಲ್ಲಿ ಓಡುವಾಗ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಇದನ್ನು ವಿವರಿಸಿದ ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರೇ ಆ ಕೊರಳಿಗೆ ಉಳಿದಿದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಪೂರ್ಣ ಒತ್ತಡವಿದೆ, ಕೊರಳಲ್ಲಿ ಅದಕ್ಕಿಂತ ಕಡಿಮೆ. ಈ ಅಂತರವೇ ಪೆಟ್ರೋಲನ್ನು ಜೆಟ್ ಮೂಲಕ ಮೇಲಕ್ಕೆತ್ತಿ ಗಾಳಿಗೆ ಚಿಮುಕಿಸುತ್ತದೆ. ಎಷ್ಟು ಚಿಮ್ಮಬೇಕು ಎಂಬ ಮಿತಿ ಜೆಟ್ಟಿನ ತೂತಿನದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಕಡಿಮೆಯಾದರೆ ಮೆಕ್ಯಾನಿಕ್ಕುಗಳ ಮಾತಿನಲ್ಲಿ ಗಾಡಿ ಲೀನ್, ಹೆಚ್ಚಾದರೆ ರಿಚ್.

ಇನ್ನು ನಂಬರು. ಜಾವಾ, ಯೆಜ್ಡಿಗಳಿಗೆ ಬರುತ್ತಿದ್ದದ್ದು ಚೆಕ್ ವಿನ್ಯಾಸದ ಜಿಕೋವ್ ಕಾರ್ಬೊರೇಟರ್. ಅದರ ಜೆಟ್ ಮೇಲಿನ ಸಂಖ್ಯೆ ತೂತಿನ ಅಗಲವನ್ನು ಮಿಲಿಮೀಟರಿನ ನೂರನೇ ಪಾಲಿನಲ್ಲಿ ಹೇಳುತ್ತದೆ. 90 ಎಂದರೆ 0.90 ಮಿಲಿಮೀಟರ್. ಹಳೇ ಬುಲೆಟ್‌ಗಳಲ್ಲಿದ್ದ ಬ್ರಿಟಿಷ್ ಮೂಲದ ಅಮಲ್ ಕಾರ್ಬೊರೇಟರಿನಲ್ಲಿ ಹಾಗಲ್ಲ. ಅಲ್ಲಿ ಸಂಖ್ಯೆ ಸೂಚಿಸುವುದು ನಿಗದಿತ ಪರೀಕ್ಷೆಯಲ್ಲಿ ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಹರಿಯಿತು ಎಂಬುದನ್ನು. ಜಪಾನಿನ ಮಿಕುನಿಯ ಆರು ಮೂಲೆಯ ಜೆಟ್‌ಗಳದ್ದೂ ಹರಿವಿನ ಲೆಕ್ಕವೇ. ಬುಲೆಟ್‌ಗೆ ಆಮೇಲೆ ಬಂದ ಮಿಕ್‌ಕಾರ್ಬ್ ಈ ಮಿಕುನಿ ವಂಶದ್ದು.

ವ್ಯತ್ಯಾಸ ಸಣ್ಣದಲ್ಲ. ತೂತಿನ ಅಗಲ 0.90ರಿಂದ 0.95ಕ್ಕೆ ಏರಿದರೆ ತೂತಿನ ವಿಸ್ತೀರ್ಣ ಏರುವುದು ಶೇ 11ಕ್ಕಿಂತ ಹೆಚ್ಚು, ಏಕೆಂದರೆ ವಿಸ್ತೀರ್ಣ ಅಗಲದ ವರ್ಗದಂತೆ ಬೆಳೆಯುತ್ತದೆ. ಹರಿವಿನ ಲೆಕ್ಕದ ಜೆಟ್‌ನಲ್ಲಿ 90ರಿಂದ 95ಕ್ಕೆ ಹೋದರೆ ಹೆಚ್ಚುವುದು ಶೇ 5.5ರಷ್ಟು ಮಾತ್ರ. ಎರಡರಲ್ಲೂ ಐದು ನಂಬರೇ ಏರಿತು, ಪರಿಣಾಮ ಮಾತ್ರ ಒಂದಕ್ಕೆ ಎರಡರಷ್ಟು. ಬುಲೆಟ್‌ನ ಮೇಲೆ ಕೈ ಪಳಗಿದವರು ಯೆಜ್ಡಿಗೆ ಅದೇ ಲೆಕ್ಕ ಹಿಡಿದರೆ ಪ್ಲಗ್ ಮಸಿ ಕಟ್ಟುವುದು ಖಂಡಿತ. ಯಾರದೋ ಗಾಡಿಗೆ 100 ಚೆನ್ನಾಗಿತ್ತು ಎಂಬ ಮಾತಿಗೆ ಅರ್ಥ ಬರುವುದು ಅದು ಯಾವ ಕಾರ್ಬೊರೇಟರಿನ 100 ಎಂದು ತಿಳಿದ ಮೇಲೆಯೇ.

ಇದಕ್ಕಿಂತ ದೊಡ್ಡ ಮೋಸ ಹಳೇ ಜೆಟ್‌ನಲ್ಲಿದೆ. ಹಿತ್ತಾಳೆ ಮೆತ್ತಗಿನ ಲೋಹ. ನಲವತ್ತು ವರ್ಷದಲ್ಲಿ ಎಷ್ಟು ಕೈಗಳು ಅದರೊಳಗೆ ಕ್ಲಚ್ ವೈರಿನ ಉಕ್ಕಿನ ಎಳೆ ತೂರಿಸಿ ಕಸ ತೆಗೆದಿವೆಯೋ. ಪ್ರತಿ ಸಲವೂ ತೂತು ಒಂದಿಷ್ಟು ಸವೆಯುತ್ತದೆ, ಗೀರು ಬೀಳುತ್ತದೆ, ಗುಂಡಗಿದ್ದದ್ದು ಮೊಟ್ಟೆಯಾಕಾರವಾಗುತ್ತದೆ. ಮೇಲೆ ಕೆತ್ತಿದ ನಂಬರು 90, ಒಳಗಿನ ತೂತು 95 ಆಗಿರಬಹುದು. ಬೆಸುಗೆ ಹಾಕಿ ತೂತು ಮುಚ್ಚಿ, ಸಣ್ಣ ಡ್ರಿಲ್‌ನಿಂದ ಮತ್ತೆ ಕೊರೆದ ಜೆಟ್‌ಗಳೂ ಸಿಗುತ್ತವೆ. ಬಿಡಿಭಾಗ ಸಿಗದ ಕಾಲದಲ್ಲಿ ಗಾಡಿಯನ್ನು ರಸ್ತೆಯ ಮೇಲಿಟ್ಟ ಆ ಕೈಚಳಕಕ್ಕೆ ಗೌರವ ಸಲ್ಲಲೇಬೇಕು. ಆದರೆ ಇಂದು ಅಂಥ ಜೆಟ್ ಮೇಲಿನ ಅಂಕಿಯನ್ನು ನಂಬಿ ಲೆಕ್ಕ ಶುರುಮಾಡುವಂತಿಲ್ಲ. ಗೊತ್ತಿರುವ ದಪ್ಪದ ನುಣುಪಾದ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಮೆಲ್ಲಗೆ ತೂರಿಸಿ ನೋಡಿದರೆ ನಿಜವಾದ ಅಳತೆ ತಿಳಿಯುತ್ತದೆ. ಇಂಜಿನ್ನಿಗೆ ಅಷ್ಟು ಹಣ ಹಾಕಿದವರು ಹೊಸ ಜೆಟ್ ಕೊಳ್ಳುವುದೇ ಲೇಸು. ಸ್ವಚ್ಛಗೊಳಿಸಲು ಕಾರ್ಬೊರೇಟರ್ ಕ್ಲೀನರ್, ಗಾಳಿಯ ಒತ್ತಡ ಸಾಕು. ತಂತಿ ಬೇಡ.

ಹಾಗಾದರೆ ಎಲ್ಲಿಂದ ಶುರು? ಲೆಕ್ಕಕ್ಕೆ ಆಧಾರ ಆ ಮಾಡೆಲ್‌ಗೆ ಕಂಪನಿ ಕೈಪಿಡಿಯಲ್ಲಿ ಕೊಟ್ಟ ನಂಬರು. ಅದಕ್ಕೂ ಮೊದಲು ಉಳಿದದ್ದೆಲ್ಲ ಸರಿಯಿರಬೇಕು. ಯೆಜ್ಡಿಯಂಥ ಟು-ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕ್ ಸೀಲ್ ಒಣಗಿ ಸೀಳಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ಪ್ಯಾಕಿಂಗ್ ಬಿರುಕು ಬಿಟ್ಟಿದ್ದರೂ ಅಷ್ಟೆ. ಎರಡೂ ಸಣ್ಣ ಜೆಟ್ ಹಾಕಿದಂಥದೇ ಲಕ್ಷಣ ತೋರಿಸುತ್ತವೆ. ಜೆಟ್ ಏರಿಸಿದರೆ ಗಾಡಿ ಕೆಲದಿನ ಸುಮ್ಮನಿದ್ದು ಮತ್ತೆ ಕೆಡುತ್ತದೆ, ಏಕೆಂದರೆ ಬಿರುಕು ದಿನದಿನಕ್ಕೆ ದೊಡ್ಡದಾಗುತ್ತಿರುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಎತ್ತರ ತಪ್ಪಿದ್ದರೆ ಎಲ್ಲ ಜೆಟ್‌ಗಳ ಲೆಕ್ಕವೂ ಒಟ್ಟಿಗೇ ತಪ್ಪುತ್ತದೆ. ಆಕ್ಸಲರೇಟರ್ ತಿರುವಿದಂತೆ ಕೊರಳಲ್ಲಿ ಮೇಲೇಳುವ ಸ್ಲೈಡ್ ಸವೆದು ಗಡಗಡ ಅಲುಗಾಡುತ್ತಿದ್ದರೆ ಐಡ್ಲಿಂಗ್ ಎಂದೂ ಸ್ಥಿರವಾಗುವುದಿಲ್ಲ. ಜೆಟ್ ಆರಿಸುವುದು ಕಟ್ಟೋಣದ ಕೊನೆಯ ಕೆಲಸ.

ಬೋರ್ ಮಾಡಿಸಿದ್ದೇವೆ, ಆದ್ದರಿಂದ ದೊಡ್ಡ ಜೆಟ್ ಬೇಕು ಎಂಬ ನಂಬಿಕೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 250 ಸಿ.ಸಿ. ಜಾವಾದ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಒಂದು ಪೂರ್ತಿ ಮಿಲಿಮೀಟರ್ ಬೋರ್ ಮಾಡಿಸಿ 66ಕ್ಕೆ ತಂದರೂ ಸಿಲಿಂಡರಿನ ಒಳಜಾಗ ಹೆಚ್ಚುವುದು ಶೇ 3ರಷ್ಟು. ಗಾಳಿ ಹೆಚ್ಚು ಎಳೆದರೆ ಕೊರಳಿನ ಸೆಳೆತವೂ ಹೆಚ್ಚಿ ಪೆಟ್ರೋಲೂ ತಾನಾಗಿ ಹೆಚ್ಚು ಬರುತ್ತದೆ. ಅದಕ್ಕಾಗಿ ಜೆಟ್ ಬದಲಿಸಬೇಕಾದ ಪ್ರಸಂಗ ಕಡಿಮೆ. ಸೈಲೆನ್ಸರ್ ಒಳಗಿನ ಕೊಳವೆ ಕಿತ್ತು ಹಾಕಿದರೆ, ಏರ್ ಫಿಲ್ಟರ್ ತೆಗೆದು ಬಾಯಿ ಬಿಟ್ಟು ಓಡಿಸಿದರೆ ಮಾತು ಬೇರೆ; ಆಗ ಗಾಡಿ ನಿಜವಾಗಿಯೂ ಲೀನ್ ಆಗುತ್ತದೆ. ಫಿಲ್ಟರ್ ತೆಗೆಯುವುದು ಕೊಪ್ಪಳ ಜಿಲ್ಲೆಯಲ್ಲಿ ಸಿಲಿಂಡರಿಗೆ ಮಾಡುವ ದ್ರೋಹ. ಗಂಗಾವತಿಯ ಅಕ್ಕಿ ಗಿರಣಿಗಳ ಸುತ್ತ ಹಾರುವ ಹೊಟ್ಟಿನ ದೂಳು, ಯಲಬುರ್ಗಾ ಕಡೆಯ ಎರೆಮಣ್ಣಿನ ದೂಳು ನೇರ ಒಳಹೋಗಿ ಹೊಸ ಪಿಸ್ಟನ್ನನ್ನು ಉಜ್ಜಿಹಾಕುತ್ತವೆ. ದೂಳಿನಿಂದ ಫಿಲ್ಟರ್ ಮುಚ್ಚಿಕೊಂಡರೆ ಗಾಡಿ ರಿಚ್ ಆಗುತ್ತದೆ ಎಂಬುದೂ ನಿಜ. ಅದಕ್ಕೆ ಮದ್ದು ಸಣ್ಣ ಜೆಟ್ ಅಲ್ಲ, ಫಿಲ್ಟರ್ ತೊಳೆಯುವುದು.

ಈಗ ಆ ಡಿಸೆಂಬರ್ ಬೆಳಗಿಗೆ ಮರಳಬಹುದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಕೊಪ್ಪಳ ಸುಮಾರು 530 ಮೀಟರ್, ಗಂಗಾವತಿ ಸುಮಾರು 400 ಮೀಟರ್. ಕೆಳಗಿಳಿದಂತೆ ಗಾಳಿ ದಟ್ಟವಾಗುತ್ತದೆ. ಮೈಸೂರಿನ ಹಿತವಾದ 25 ಡಿಗ್ರಿಯಲ್ಲಿ ಸರಿಹೊಂದಿಸಿದ ಗಾಡಿಯೊಂದನ್ನು ಗಂಗಾವತಿಗೆ ತಂದರೆ ಎತ್ತರದ ಕಾರಣಕ್ಕೇ ಗಾಳಿ ಶೇ 4ರಷ್ಟು ದಟ್ಟ. ಡಿಸೆಂಬರಿನಲ್ಲಿ ಉಷ್ಣಾಂಶ 15 ಡಿಗ್ರಿಗೆ ಇಳಿದರೆ ಇನ್ನೂ ಶೇ ಮೂರೂವರೆಯಷ್ಟು ಸೇರಿ ಒಟ್ಟು ಶೇ 8ರಷ್ಟಾಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿಗೆ ಏರಿದಾಗ ಶಾಖವೇ ಗಾಳಿಯನ್ನು ಹಗುರ ಮಾಡಿ ಎತ್ತರದ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ. ಉರಿಬಿಸಿಲಿನ ಗಂಗಾವತಿಯ ಗಾಳಿ ಇಂಜಿನ್ನಿನ ಮಟ್ಟಿಗೆ ಮೈಸೂರಿನ ಗಾಳಿಯೇ.

ಗಾಳಿ ದಟ್ಟವಾದಾಗ ಕೊರಳಿನ ಸೆಳೆತವೂ ಬಲವಾಗುವುದರಿಂದ ಕಾರ್ಬೊರೇಟರ್ ಅರ್ಧದಷ್ಟನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಉಳಿಯುವ ಕೊರತೆ ಶೇ 4ರಷ್ಟು. ಜಿಕೋವ್ ಲೆಕ್ಕದಲ್ಲಿ ಅದು 90ರ ಜೆಟ್ ತೆಗೆದು 92 ಹಾಕಿದಷ್ಟು. ಇಷ್ಟೇ ಆಗಿದ್ದರೆ ಯಾರೂ ತಲೆಕೆಡಿಸಿಕೊಳ್ಳಬೇಕಿರಲಿಲ್ಲ.

ಆದರೆ ಪೆಟ್ರೋಲೂ ಬದಲಾಗಿದೆ. ಯೆಜ್ಡಿಯ ಕೈಪಿಡಿ ಬರೆದಾಗ ಬಂಕಿನಲ್ಲಿ ಸಿಗುತ್ತಿದ್ದದ್ದು ಸೀಸ ಬೆರೆತ ಪೆಟ್ರೋಲ್. 2000ದ ಫೆಬ್ರುವರಿಗೆ ದೇಶದಲ್ಲಿ ಸೀಸಕ್ಕೆ ವಿದಾಯವಾಯಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾವೇಶವೊಂದರಲ್ಲಿ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಯಿತು, 2025ರ ಹೊತ್ತಿಗೆ ಅದೇ ಎಲ್ಲೆಡೆ ಸಾಮಾನ್ಯವಾಯಿತು. ಎಥೆನಾಲಿನೊಳಗೇ ಆಮ್ಲಜನಕವಿದೆ. ಅದರ ಒಂದು ಪಾಲು ಉರಿಯಲು ಒಂಬತ್ತು ಪಾಲು ಗಾಳಿ ಸಾಕು. ಇಪ್ಪತ್ತು ಪಾಲು ಬೆರೆಸಿದ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಬೇಕಾಗುತ್ತದೆ. ಬೇರೆ ಮಾತಿನಲ್ಲಿ, ಅಷ್ಟೇ ಗಾಳಿಗೆ ಮೊದಲಿಗಿಂತ ಶೇ 8-9ರಷ್ಟು ಹೆಚ್ಚು ಪೆಟ್ರೋಲ್ ಹರಿಯಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಇದನ್ನು ಗಮನಿಸಿ ಸರಿಮಾಡಿಕೊಳ್ಳುತ್ತದೆ. 2020ರ ಬಿಎಸ್-6 ಹೊಗೆ ನಿಯಮದ ನಂತರ ಹೊಸ ಬೈಕುಗಳಿಂದ ಕಾರ್ಬೊರೇಟರ್ ಬಹುತೇಕ ಮರೆಯಾಗಿದೆ. ಹಳೇ ಯೆಜ್ಡಿಗೆ ಅಂಥ ಮಿದುಳಿಲ್ಲ. ಅದರ ತೂತು 1980ರಲ್ಲಿ ಎಷ್ಟಿತ್ತೋ ಇಂದೂ ಅಷ್ಟೇ.

ಎರಡನ್ನೂ ಕೂಡಿದರೆ ಚಳಿಗಾಲದ ಬೆಳಗಿನಲ್ಲಿ ಕೊರತೆ ಶೇ 12ರ ಹತ್ತಿರ ಬರುತ್ತದೆ. ಅದು 90ರ ಬದಲು 95 ಕೇಳುವಷ್ಟು. ಬೇಸಿಗೆಯಲ್ಲಾದರೆ 93 ಅಥವಾ 94. ಇದು ಕಾಗದದ ಮೇಲಿನ ಗಣಿತ, 90 ಎಂಬುದೂ ಲೆಕ್ಕಕ್ಕೆ ಹಿಡಿದ ಉದಾಹರಣೆ. ಕಂಪನಿಗಳು ಸಾಮಾನ್ಯವಾಗಿ ತುಸು ರಿಚ್ ಆಗಿಯೇ ಕೊಡುತ್ತಿದ್ದವು, ಆದ್ದರಿಂದ ನಿಜವಾದ ಅಗತ್ಯ ಇದಕ್ಕಿಂತ ಕಡಿಮೆಯೂ ಇರಬಹುದು. ದಿಕ್ಕು ಮಾತ್ರ ಸ್ಪಷ್ಟ: ಹಳೇ ಕೈಪಿಡಿಯ ನಂಬರಿಗಿಂತ ಒಂದೆರಡು ಹೆಜ್ಜೆ ಮೇಲಿನಿಂದ ಶುರುಮಾಡಿ ಕೆಳಗಿಳಿಯಬೇಕು, ಕೆಳಗಿನಿಂದ ಮೇಲಕ್ಕೆ ಹತ್ತಬಾರದು.

ಅದಕ್ಕೆ ಕಾರಣ ಟು-ಸ್ಟ್ರೋಕ್ ಇಂಜಿನ್ನಿನ ಸ್ವಭಾವದಲ್ಲಿದೆ. ಇಲ್ಲಿ ಪಿಸ್ಟನ್ನಿಗೆ ಆಯಿಲ್ ತಲುಪುವುದು ಪೆಟ್ರೋಲಿನ ಜೊತೆಯಲ್ಲೇ. ಜೆಟ್ ಸಣ್ಣದಾದರೆ ಪೆಟ್ರೋಲ್ ಕಡಿಮೆ, ಆಯಿಲ್ಲೂ ಕಡಿಮೆ, ಶಾಖ ಹೆಚ್ಚು. ಹೆದ್ದಾರಿಯಲ್ಲಿ ಪೂರ್ತಿ ರೇಸ್ ಕೊಟ್ಟು ಹೋಗುವಾಗ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತದೆ. ರಿಚ್ ಆದರೆ ಹೊಗೆ ಬರುತ್ತದೆ, ಮೈಲೇಜ್ ಹೋಗುತ್ತದೆ, ಪ್ಲಗ್ ಮಸಿಯಾಗುತ್ತದೆ, ಜೀವಕ್ಕೆ ಅಪಾಯವಿಲ್ಲ. ಹೊಸ ಪಿಸ್ಟನ್ ಎಂದು ಪ್ರೀತಿಯಿಂದ ಆಯಿಲ್ ಹೆಚ್ಚು ಸುರಿಯುವವರು ಇನ್ನೊಂದು ಸೂಕ್ಷ್ಮ ಗಮನಿಸಬೇಕು. ಆಯಿಲ್ ಹೆಚ್ಚಿದಷ್ಟೂ ಅದೇ ತೂತಿನಲ್ಲಿ ಹರಿಯುವ ಪೆಟ್ರೋಲಿನ ಪಾಲು ಇಳಿಯುತ್ತದೆ, ಮಿಶ್ರಣ ಲೀನ್ ಕಡೆಗೆ ವಾಲುತ್ತದೆ. ಲೀಟರಿಗೆ 40 ಮಿಲಿಲೀಟರ್ ಎಂದು ಒಮ್ಮೆ ತೀರ್ಮಾನಿಸಿದರೆ ಅದೇ ಅಳತೆಯಲ್ಲಿ ಜೆಟ್ ಪರೀಕ್ಷೆ ಮುಗಿಸಬೇಕು. ಅಳತೆ ಬದಲಿಸಿದರೆ ಪರೀಕ್ಷೆಯೂ ಮೊದಲಿನಿಂದ.

ಇಲ್ಲಿಯವರೆಗೆ ಹೇಳಿದ್ದು ಮೇನ್ ಜೆಟ್ಟಿನ ಮಾತು. ಇಷ್ಟಾದರೂ ಎಲ್ಲ ತೊಂದರೆಗೂ ಅದು ಹೊಣೆಯಲ್ಲ. ಆಕ್ಸಲರೇಟರ್ ಮುಕ್ಕಾಲು ದಾಟಿದ ಮೇಲಷ್ಟೇ ಅದರ ದರ್ಬಾರು. ಐಡ್ಲಿಂಗ್‌ನಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಗಾಳಿಯ ಸ್ಕ್ರೂ, ಅಲ್ಲಿಂದ ಕಾಲುಭಾಗದ ಆಸುಪಾಸು ಸ್ಲೈಡಿನ ಓರೆ ಕತ್ತರಿಕೆ, ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗಿಬಿದ್ದ ನೀಡಲ್. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೊಲಕ್ಕೆ, ಸಂತೆಗೆ ಎಂದು ಓಡಾಡುವ ಗಾಡಿಯ ಆಕ್ಸಲರೇಟರ್ ಅರ್ಧ ದಾಟುವುದೇ ಅಪರೂಪ. ಅಂಥವರು ಮೇನ್ ಜೆಟ್ ಬದಲಿಸಿ ಬದಲಿಸಿ ಸೋಲುತ್ತಾರೆ. ಅವರ ಗಾಡಿಯ ಮುಗ್ಗರಿಕೆ ಪೈಲಟ್‌ನದು, ಇಲ್ಲವೇ ನೀಡಲ್‌ನ ಕ್ಲಿಪ್ಪಿನದು. ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿದರೆ ನೀಡಲ್ ಮೇಲೇಳುತ್ತದೆ, ನಡುಭಾಗದಲ್ಲಿ ಪೆಟ್ರೋಲ್ ಹೆಚ್ಚುತ್ತದೆ. ಖರ್ಚು ಸೊನ್ನೆ. ನಮ್ಮ ಆರಂಭದ ಗಂಗಾವತಿಯ ಗಾಡಿ ಮುಗ್ಗರಿಸಿದ್ದೂ ಆಕ್ಸಲರೇಟರ್ ಆಗಷ್ಟೇ ತೆರೆಯುವಾಗ ಎಂಬುದನ್ನು ಮರೆಯಬಾರದು. ಅಲ್ಲಿ ಮೊದಲು ಕೈ ಹಾಕಬೇಕಾದದ್ದು ಗಾಳಿಯ ಸ್ಕ್ರೂಗೆ ಮತ್ತು ಪೈಲಟ್ ಜೆಟ್‌ಗೆ.

ಪರೀಕ್ಷೆಗೆ ಆಕ್ಸಲರೇಟರ್ ಹಿಡಿಕೆಯ ಮೇಲೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ, ಕಾಲು, ಅರ್ಧ, ಮುಕ್ಕಾಲು ಎಂದು ಗೀಟು ಹಾಕಿಕೊಂಡರೆ ಸಾಕು. ತೊಂದರೆ ಯಾವ ಗೀಟಿನಲ್ಲಿದೆಯೋ ಅಲ್ಲಿಯ ಭಾಗವನ್ನೇ ಮುಟ್ಟಬೇಕು, ಒಂದು ಸಲಕ್ಕೆ ಒಂದನ್ನೇ. ಮೇನ್ ಜೆಟ್ ನೋಡಲು ಕುಷ್ಟಗಿಯ ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಹಾರಬೇಕಿಲ್ಲ, ಹಾರಲೂಬಾರದು. ವಾಹನ ಕಡಿಮೆ ಇರುವ ಒಂದು ಉದ್ದನೆಯ ಏರು ಹುಡುಕಿ ಮೂರನೇ ಗೇರಿನಲ್ಲಿ ಪೂರ್ತಿ ತೆರೆದರೆ ವೇಗ ಹದದಲ್ಲಿದ್ದೇ ಇಂಜಿನ್ನಿನ ಮೇಲೆ ಪೂರ್ಣ ಭಾರ ಬೀಳುತ್ತದೆ. ಬೆರಳುಗಳು ಕ್ಲಚ್ ಮೇಲೆ ಸಿದ್ಧವಾಗಿರಲಿ. ಹಾಗೇ ಒಂದಿಷ್ಟು ದೂರ ಸಾಗಿ, ಆಕ್ಸಲರೇಟರ್ ತೆರೆದಿರುವಾಗಲೇ ಇಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಐಡ್ಲಿಂಗ್‌ನಲ್ಲಿ ಮನೆತನಕ ಬಂದು ಬಿಚ್ಚಿದ ಪ್ಲಗ್ ಮೇನ್ ಜೆಟ್ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪ್ಲಗ್ಗಿನ ಬಿಳಿ ಪಿಂಗಾಣಿ ಹುರಿದ ಶೇಂಗಾ ಸಿಪ್ಪೆಯ ಬಣ್ಣಕ್ಕೆ ಬಂದಿದ್ದರೆ ಹದ. ಹಸಿಯಾದ ಕಪ್ಪು ಮಸಿಯಿದ್ದರೆ ರಿಚ್. ಸುಣ್ಣದಂತೆ ಬೆಳ್ಳಗಾಗಿ, ಮೇಲೆ ಸಣ್ಣ ಗುಳ್ಳೆ ಕಂಡರೆ ತೀರಾ ಲೀನ್; ಗಾಡಿಯನ್ನು ಅಲ್ಲಿಂದ ಮೆಲ್ಲಗೆ ಮನೆಗೆ ತರಬೇಕು. ಸೀಸವಿಲ್ಲದ ಇಂದಿನ ಪೆಟ್ರೋಲಿನಲ್ಲಿ ಬಣ್ಣ ಮೊದಲಿನಷ್ಟು ಗಾಢವಾಗಿ ಕೂರುವುದಿಲ್ಲ. ಪಿಂಗಾಣಿಯ ಬುಡದಲ್ಲಿ ಮೂಡುವ ತೆಳು ಉಂಗುರವನ್ನು ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ. ಇದರ ಜೊತೆಗೆ ಕಿವಿಯ ಸಾಕ್ಷಿಯೂ ಬೇಕು. ಓಡುವಾಗ ಅರೆಗಳಿಗೆ ಚೋಕ್ ಎಳೆದಾಗ ಗಾಡಿ ಚುರುಕಾದರೆ ಅದಕ್ಕೆ ಪೆಟ್ರೋಲ್ ಸಾಲದು. ಟ್ಯಾಂಕಿನ ಕಾಕ್ ಮುಚ್ಚಿ ಓಡಿಸುತ್ತಿರುವಾಗ ಬಟ್ಟಲು ಬರಿದಾಗುವ ಮುಂಚಿನ ಕೆಲವು ಕ್ಷಣ ಹುರುಪಿನಿಂದ ಎಳೆದರೆ ಪೆಟ್ರೋಲ್ ಹೆಚ್ಚಾಗಿದೆ.

ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ಜಾತ್ರೆಗೊಮ್ಮೆ, ಹಬ್ಬಕ್ಕೊಮ್ಮೆ ಹೊರತೆಗೆಯುವ ಗಾಡಿಯ ಬಟ್ಟಲಿನಲ್ಲಿ ಅದು ನಿಂತರೆ ಅಂಟುಗಟ್ಟಿ ಮೊದಲು ಮುಚ್ಚಿಕೊಳ್ಳುವುದು ಪೈಲಟ್ ಜೆಟ್ಟಿನ ಸೂಜಿಮೊನೆಯಂಥ ತೂತು. ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಬಟ್ಟಲು ಖಾಲಿಯಾಗುವತನಕ ಇಂಜಿನ್ ಓಡಿಸಿ ನಿಲ್ಲಿಸುವುದು ಕ್ಷೇಮ.

ಹದ ಸಿಕ್ಕ ದಿನ ಒಂದು ಕೆಲಸ ಬಾಕಿಯಿರುತ್ತದೆ, ಬಹಳಷ್ಟು ಗ್ಯಾರೇಜುಗಳಲ್ಲಿ ಅದೇ ಆಗುವುದಿಲ್ಲ. ಮೇನ್ ಜೆಟ್ ಎಷ್ಟು, ಪೈಲಟ್ ಎಷ್ಟು, ಕ್ಲಿಪ್ ಎಷ್ಟನೇ ಕಚ್ಚಿನಲ್ಲಿದೆ, ಗಾಳಿಯ ಸ್ಕ್ರೂ ಎಷ್ಟು ಸುತ್ತು ತೆರೆದಿದೆ, ಅಂದು ತಿಂಗಳು ಯಾವುದು, ಆಯಿಲ್ ಎಷ್ಟು ಬೆರೆಸಿತ್ತು ಎಂದು ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸಿನಲ್ಲಿಡಬೇಕು. ಮೇ ತಿಂಗಳಲ್ಲಿ ಬಿಚ್ಚಿದ ಜೆಟ್ ಎಸೆಯುವಂಥದ್ದಲ್ಲ. ಗುಂಡಿ ಹಾಕಿಡುವ ಪುಟ್ಟ ಡಬ್ಬಿಯೊಂದರಲ್ಲಿ, ನಂಬರ್ ಬರೆದ ಕಾಗದದಲ್ಲಿ ಸುತ್ತಿ ಇಟ್ಟರೆ, ಕಾಲುವೆಯ ಮೇಲೆ ಮತ್ತೆ ಮಂಜು ಕೂತಾಗ ಅದೇ ಬೇಕಾಗುತ್ತದೆ.